ಪುಕ್ಕಲರಿಗೂ ಒಂದು ಕೆಲಸವಿದೆ

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬರುವ ಇಸ್ರಾಯೇಲ್ಯರ ನಾಯಕ ಗಿದ್ಯೋನನ ಕಥೆ ಹೇಳುವವರು ಮುನ್ನೂರು ಜನ, ಕೊಂಬು, ಕೊಡ, ಪಂಜು ಎಂದು ಯುದ್ಧದ ಭಾಗವನ್ನು ಬಹಳ ಹುರುಪಿನಿಂದ ಹೇಳುತ್ತಾರೆ. ಅದಕ್ಕೂ ಮೊದಲು ನಡೆದ ಒಂದು ಸಂಗತಿಯನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಾರೆ. ತಂದೆಯ ಜಾಗದಲ್ಲಿದ್ದ ಬಾಳ ಎಂಬ ದೇವತೆಯ ಯಜ್ಞವೇದಿಯನ್ನು ಕೆಡವು ಎಂದು ದೇವರು ಹೇಳಿದಾಗ ಗಿದ್ಯೋನ ಕೆಡವಿದ್ದು ನಿಜ. ಆದರೆ ಮನೆಯವರಿಗೂ ಊರಿನವರಿಗೂ ಹೆದರಿ, ಹಗಲು ಬಿಟ್ಟು ರಾತ್ರಿ ಹೊತ್ತು ಕೆಡವಿದ. ನ್ಯಾಯಸ್ಥಾಪಕರು ಪುಸ್ತಕದ ಆರನೆಯ ಅಧ್ಯಾಯದಲ್ಲಿ ಇದು ಮುಚ್ಚುಮರೆಯಿಲ್ಲದೆ ಬರೆದಿದೆ. ಹೆದರಿದ್ದಕ್ಕೆ ದೇವರು ಅವನನ್ನು ಗದರಿಸಿದನೆಂದು ಎಲ್ಲಿಯೂ ಇಲ್ಲ. ವೇದಿ ಬಿತ್ತು, ಕೆಲಸ ಮುಗಿಯಿತು, ಕಥೆ ಮುಂದೆ ಹೋಯಿತು.

ನನ್ನಂಥವಳಿಗೆ ಸತ್ಯವೇದದೊಳಗೆ ಕಾಲಿಡಲು ಸಿಕ್ಕ ಬಾಗಿಲು ಇದೇ. ನನ್ನಂಥವಳು ಎಂದರೆ, ಕಂಡಕ್ಟರ್ ಕೊಡಬೇಕಾದ ಬಾಕಿ ಚಿಲ್ಲರೆಯನ್ನು ಕೇಳಲು ನಾಲಗೆ ಏಳದೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸುಮ್ಮನೆ ಇಳಿದು ಬರುವವಳು. ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ನನ್ನ ಸ್ವರ ಹೊರಗೆ ಬರುತ್ತಿರಲಿಲ್ಲ. ನಮ್ಮದು ಜಪ್ಪಿನ ಕಡೆಯ ಮನೆ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಅಮ್ಮ ಬೀಡಿ ಕಟ್ಟಿದವರು. ನಾನೂ ಬೀಡಿ ಕಟ್ಟಿಕೊಂಡೇ ಓದಿ, ಮುಂದೆ ಒಂದು ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾದೆ. ಕಡತಗಳ ಹಿಂದೆ ಕುಳಿತರೆ ಯಾರೊಡನೆಯೂ ಮಾತನಾಡಬೇಕಿಲ್ಲ ಎಂಬುದೇ ಆ ಕೆಲಸದಲ್ಲಿ ನನಗಿದ್ದ ದೊಡ್ಡ ಆಕರ್ಷಣೆ.

ನಮ್ಮ ಮನೆತನ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಭೆಗೆ, ಅಂದರೆ ಚರ್ಚಿಗೆ, ಸೇರಿದ್ದು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದ ಮೇಲೆ ಹುಟ್ಟಿದ ಸಭೆಗಳಲ್ಲಿ ಒಂದು. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರು ಮನೆ, ಜಾತಿ, ಬಾವಿಯ ನೀರು, ಬೇಸಾಯದ ಗೇಣಿ ಎಲ್ಲವನ್ನೂ ಕಳೆದುಕೊಳ್ಳುವ ಅಪಾಯವಿತ್ತು. ಮಿಶನ್ನಿನವರು ನೇಯ್ಗೆಯ ಮಗ್ಗಗಳನ್ನೂ 1865ರಲ್ಲಿ ಜಪ್ಪಿನ ಹಂಚಿನ ಕಾರ್ಖಾನೆಯನ್ನೂ ಕಟ್ಟಿದ್ದಕ್ಕೆ ಹೀಗೆ ಹೊರದೂಡಲ್ಪಟ್ಟವರಿಗೆ ಅನ್ನದ ದಾರಿ ಬೇಕಾಗಿದ್ದದ್ದು ಒಂದು ಮುಖ್ಯ ಕಾರಣ. 1844ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಯುವಕ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಊರಿಗೆ ಊರೇ ಕಲಕಿಹೋಗಿತ್ತು. ಚಿಕ್ಕಂದಿನಲ್ಲಿ ಸಭೆಯ ಹಬ್ಬಗಳಲ್ಲಿ ಈ ಚರಿತ್ರೆಯನ್ನು ಕೇಳುವಾಗ ನನಗೆ ಹೆಮ್ಮೆಗಿಂತ ಮುಜುಗರವೇ ಹೆಚ್ಚಾಗುತ್ತಿತ್ತು. ಇಂಥವರ ಬಳಗದಲ್ಲಿ ಇಂಥವಳು ಹೇಗೆ ಹುಟ್ಟಿದಳೋ ಎಂದು.

ಬದಲಾವಣೆ ಶುರುವಾದದ್ದು ಓದುವುದರಿಂದ. ಭಾನುವಾರದ ಆರಾಧನೆಯಲ್ಲಿ ಹಳೆಯ ಒಡಂಬಡಿಕೆಯ ಪಾಠ ಓದುವವರು ಊರಿಗೆ ಹೋಗಿದ್ದರೆಂದು ಸಭಾಪಾಲಕರು ನನ್ನನ್ನು ಕೇಳಿದರು. ಆಗುವುದಿಲ್ಲ ಎಂದು ಹೇಳಲೂ ಧೈರ್ಯ ಬೇಕಲ್ಲ, ಅದಿರಲಿಲ್ಲ, ಹಾಗಾಗಿ ಒಪ್ಪಿಕೊಂಡೆ. ನಮ್ಮ ಸಭೆಯಲ್ಲಿ ಹಿರಿಯ ಅಕ್ಕ ಒಬ್ಬರಿದ್ದರು, ಆಸ್ಪತ್ರೆಯ ರೋಗಿಗಳನ್ನು ನೋಡಲು ತಪ್ಪದೆ ಹೋಗುತ್ತಿದ್ದವರು. ಅವರ ಬಳಿ ಹೋಗಿ ಅತ್ತೆ. ಅವರು ಸಮಾಧಾನದ ಮಾತು ಒಂದನ್ನೂ ಹೇಳಲಿಲ್ಲ. “ನಿನ್ನ ಸ್ವಂತದ್ದು ಏನೂ ಹೇಳಬೇಕಿಲ್ಲ ಮಾರಾಯ್ತಿ. ಎಲ್ಲವೂ ಮೊದಲೇ ಬರೆದಿದೆ. ನೀನು ಬಾಯಿ ತೆರೆದರೆ ಸಾಕು” ಎಂದರು.

ಈಗ ಹೊಸಬರಿಗೆ ನಾನು ಹೇಳಿಕೊಡುವುದೂ ಇದನ್ನೇ. ನಾಚಿಕೆಯ ಸ್ವಭಾವದವರಿಗೆ ಅತಿ ಕಷ್ಟವಾಗುವುದು ನಾನು ಏನು ಹೇಳಲಿ, ಜನ ಏನೆಂದುಕೊಂಡಾರು ಎಂಬ ಲೆಕ್ಕಾಚಾರ. ವಿಶ್ವಾಸದ ಒಂದು ದೊಡ್ಡ ಉಪಕಾರವೆಂದರೆ ಆ ಲೆಕ್ಕವನ್ನು ಅದು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ಕೀರ್ತನೆಗಳ ಪುಸ್ತಕವನ್ನು ನಾನು ಬಾಯಿಪಾಠ ಮಾಡತೊಡಗಿದ್ದು ಭಕ್ತಿ ಉಕ್ಕಿ ಬಂದಲ್ಲ, ಕಾಗದ ಹಿಡಿದ ಕೈ ನಡುಗಿ ಅಕ್ಷರ ಕಾಣದೆ ಹೋದರೆ ಎಂಬ ಭಯದಿಂದ. 23, 27, 121ನೆಯ ಕೀರ್ತನೆಗಳನ್ನು ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಹೇಳಿಕೊಳ್ಳುತ್ತಿದ್ದೆ. 56ನೆಯದರಲ್ಲಿ ದಾವೀದನ ಒಂದು ಮಾತಿದೆ: ನನಗೆ ಹೆದರಿಕೆಯಾದಾಗ ನಿನ್ನಲ್ಲಿ ಭರವಸೆಯಿಡುತ್ತೇನೆ ಎಂದು. ಹೆದರಿಕೆ ಹೋದ ಮೇಲೆ ಎಂದು ಅವನು ಹೇಳಿಲ್ಲ, ಆದಾಗ ಎಂದಿದ್ದಾನೆ. ದೈತ್ಯ ಗೊಲ್ಯಾತನನ್ನು ಬೀಳಿಸಿದವನ ಹೆಸರಿನಲ್ಲಿರುವ ಕೀರ್ತನೆಯಲ್ಲೇ ಹೀಗಿದೆಯಲ್ಲ ಎಂದು ನನಗೆ ಬಹಳ ನಿರಾಳವಾಯಿತು.

ಅಕ್ಕ ಮುಂದೆ ನನ್ನನ್ನು ವೆನ್ಲಾಕ್ ಆಸ್ಪತ್ರೆಗೆ ಕರೆದುಕೊಂಡು ಹೋಗತೊಡಗಿದರು. ಅಲ್ಲಿ ನನ್ನ ಕೆಲಸ ಅವರ ಚೀಲ ಹಿಡಿಯುವುದು, ಬಿಸಿನೀರಿನ ಫ್ಲಾಸ್ಕ್ ತುಂಬಿಸಿಕೊಡುವುದು. ಬಹಳ ಕಾಲ ಅಷ್ಟೇ. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದನೆಂಬುದನ್ನು ಎಷ್ಟೋ ಸಲ ಕೇಳಿದ್ದೆ. ಅದರಲ್ಲಿ ಒಬ್ಬರು ಮಾತನಾಡುವವರು, ಇನ್ನೊಬ್ಬರು ಫ್ಲಾಸ್ಕ್ ಹಿಡಿಯುವವರು ಆಗಿರಬಹುದು ಎಂದು ನನಗೆ ಹೊಳೆದದ್ದು ಆಸ್ಪತ್ರೆಯ ವರಾಂಡದಲ್ಲಿ. ಮೋಶೆಯೂ ಹಾಗೆಯೇ. ಉರಿಯುವ ಪೊದೆಯ ಮುಂದೆ ನಿಂತು, ನನ್ನ ನಾಲಗೆ ಮಂದ, ಬೇರೆ ಯಾರನ್ನಾದರೂ ಕಳುಹಿಸು ಎಂದು ಬೇಡಿಕೊಂಡವನು ಅವನು. ದೇವರಿಗೆ ಸಿಟ್ಟು ಬಂತಂತೆ. ಸಿಟ್ಟಿನಲ್ಲೂ ಆತನು ಮಾಡಿದ್ದೇನು? ಅಣ್ಣ ಆರೋನನನ್ನು ಜೊತೆಗೆ ಕೊಟ್ಟದ್ದು. ಗಿದ್ಯೋನನಿಗೂ ಯುದ್ಧ ನಡೆದ ರಾತ್ರಿಯೇ, ಯುದ್ಧಕ್ಕೆ ಮೊದಲು ದೇವರು, ಒಬ್ಬನೇ ಶತ್ರುಗಳ ಪಾಳೆಯಕ್ಕೆ ಇಳಿಯಲು ಹೆದರಿಕೆಯಾದರೆ ನಿನ್ನ ಸೇವಕ ಪುರನನ್ನು ಕರೆದುಕೊಂಡು ಹೋಗು ಎನ್ನುತ್ತಾನೆ. ಮುಂದಿನ ವಾಕ್ಯದಲ್ಲಿ ಗಿದ್ಯೋನ ಪುರನನ್ನು ಕರೆದುಕೊಂಡೇ ಹೋಗುತ್ತಾನೆ! ಅಂದರೆ ಹೆದರಿಕೆ ಇತ್ತೆಂದು ಅರ್ಥ. ಮೂವತ್ತೆರಡು ಸಾವಿರದ ದಂಡನ್ನು ಮುನ್ನೂರಕ್ಕೆ ಇಳಿಸಿದ ದೇವರು ಈ ಪುರನೊಬ್ಬನನ್ನು ಮಾತ್ರ ಅವನಿಂದ ಕಿತ್ತುಕೊಳ್ಳಲಿಲ್ಲ. ಪುರ ಯಾರು, ಮುಂದೆ ಏನಾದ ಎಂಬುದು ಸತ್ಯವೇದದಲ್ಲಿಲ್ಲ. ನನಗೆ ಅವನ ಮೇಲೆ ಬಹಳ ಅಭಿಮಾನ.

ಬೀಡಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಬೀಡಿ ಕಟ್ಟುವುದು ಮನೆಮನೆಯ ಕೆಲಸವಾಗಿದ್ದ ಕಾಲ. ಎಲೆಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟಿ, ನೂಲು ಸುತ್ತಿ, ತುದಿ ಮಡಚಬೇಕು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕುಳಿತರೆ ಸೊಂಟ ಏಳುವುದು ಊಟದ ಹೊತ್ತಿಗೆ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅಲ್ಲಿನವನು ಕಟ್ಟುಗಳನ್ನು ಮೇಜಿನ ಮೇಲೆ ಬಿಡಿಸಿ, ಬೆರಳಿನಲ್ಲಿ ಸರಸರ ಸರಿಸಿ, ಇದು ಸಡಿಲ, ಇದು ಗಿಡ್ಡ ಎಂದು ಒಂದಷ್ಟನ್ನು ಬದಿಗೆ ಎಸೆಯುತ್ತಾನೆ. ಎಸೆದ ಬೀಡಿಗೆ ಮಜೂರಿ ಇಲ್ಲ, ಬೀಡಿಯೂ ವಾಪಸು ಇಲ್ಲ. ಎಲೆ ಕಡಿಮೆ ಬಿದ್ದರೆ ಹೆಂಗಸರು ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಬೀಡಿ ಕಾರ್ಮಿಕರಿಗೆಂದು 1966ರ ಕಾಯ್ದೆ ಇತ್ತು, ಹೀಗೆ ಬೇಕಾಬಿಟ್ಟಿ ತಿರಸ್ಕರಿಸುವುದಕ್ಕೆ ನಿಯಮಗಳಲ್ಲಿ ಮಿತಿಯೂ ಇತ್ತು. ಗೆರಸೆ ಹಿಡಿದು ಸಾಲಿನಲ್ಲಿ ನಿಂತವಳಿಗೆ ಅದನ್ನು ಓದಿ ಹೇಳುವವರು ಯಾರು?

ನಮ್ಮ ವಾರದ ಮನೆಪ್ರಾರ್ಥನೆಗೆ ಬರುತ್ತಿದ್ದವರಲ್ಲಿ ಬೀಡಿ ಕಟ್ಟುವವರೇ ಹೆಚ್ಚು. ಒಂದು ಸಂಜೆ ಒಬ್ಬಳು, ಆ ಬ್ರಾಂಚಿನವನ ಮನಸ್ಸನ್ನು ದೇವರು ಬದಲಾಯಿಸಲಿ ಎಂದು ಪ್ರಾರ್ಥಿಸಿದಳು. ಪ್ರಾರ್ಥನೆ ಮುಗಿದ ಮೇಲೆ ಅಕ್ಕ ಚಹಾ ಕುಡಿಯುತ್ತ, “ಅವನ ಮನಸ್ಸು ದೇವರು ನೋಡಿಕೊಳ್ಳಲಿ. ಅವನ ಬಳಿ ಹೋಗಿ ಕೇಳುವವರು ಯಾರು?” ಎಂದರು. ಎಲ್ಲರೂ ನನ್ನನ್ನು ನೋಡಿದರು. ಕಚೇರಿಯಲ್ಲಿ ಕೂರುವವಳು, ಲೆಕ್ಕ ಬರೆಯುವವಳು, ಬ್ರಾಂಚಿನ ಹಂಗಿಲ್ಲದವಳು ನಾನೊಬ್ಬಳೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಸಾಲದು, ವಾಂತಿಯೇ ಆಯಿತು.

ತಯಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪ್ರಸಂಗಗಳಲ್ಲಿ ಈ ಭಾಗ ಸಿಗುವುದಿಲ್ಲ. ಧೈರ್ಯ ಕೊಡು ಎಂದು ಒಟ್ಟಾರೆಯಾಗಿ ಪ್ರಾರ್ಥಿಸುವುದನ್ನು ನಾವು ಬಿಟ್ಟೆವು. ಪ್ರತಿಯೊಬ್ಬಳೂ ತನಗೆ ಯಾವುದರ ಹೆದರಿಕೆ ಎಂದು ಹೆಸರಿಟ್ಟು ಹೇಳಬೇಕು ಎಂದು ಅಕ್ಕ ಕಟ್ಟುನಿಟ್ಟು ಮಾಡಿದರು. ಒಬ್ಬಳಿಗೆ ನಾಳೆಯಿಂದ ಎಲೆ ಕೊಡದಿದ್ದರೆ ಎಂಬ ಹೆದರಿಕೆ. ಇನ್ನೊಬ್ಬಳಿಗೆ ಗಂಡನಿಗೆ ಗೊತ್ತಾದರೆ ಎಂದು. ನನ್ನದು ನಗೆಪಾಟಲಿನದು: ಅವನು ‘ನೀನು ಯಾರು’ ಎಂದು ಕೇಳಿದರೆ ಏನು ಹೇಳಲಿ ಎಂದು. ಹೀಗೆ ಹೊರಗೆ ತೆಗೆದು ನೋಡಿದಾಗ ಕೆಲವು ಹೆದರಿಕೆಗಳಿಗೆ ಪ್ರಾರ್ಥನೆ ಸಾಕಾಯಿತು, ಕೆಲವಕ್ಕೆ ಏರ್ಪಾಡೇ ಬೇಕಾಯಿತು. ಎಲೆ ನಿಂತರೆ ಆ ವಾರದ ಅಕ್ಕಿಗೆ ಉಳಿದವರು ಸೇರಿಸಿ ಕೊಡುವುದೆಂದು ನಿರ್ಧಾರವಾಯಿತು. ಗಂಡನ ಬಳಿ ಮಾತನಾಡಲು ಸಭೆಯ ಒಬ್ಬ ಹಿರಿಯರು ಒಪ್ಪಿದರು. ಈ ಎರಡು ಏರ್ಪಾಡುಗಳಿಲ್ಲದೆ ಹೋಗಿದ್ದರೆ ಅವರಿಬ್ಬರೂ ಬರುತ್ತಿರಲಿಲ್ಲ, ಬರಬೇಕೆಂದು ಹೇಳುವ ಹಕ್ಕೂ ನನಗೆ ಇರುತ್ತಿರಲಿಲ್ಲ. ಇನ್ನು ನನ್ನದು. ಒಂದೇ ಒಂದು ವಾಕ್ಯ ಬರೆದು ಕೀರ್ತನೆಯಂತೆಯೇ ಬಾಯಿಪಾಠ ಮಾಡಿದೆ: “ಬದಿಗಿಟ್ಟ ಬೀಡಿಯ ಲೆಕ್ಕವನ್ನು ಇವರ ಪುಸ್ತಕದಲ್ಲಿ ಬರೆದುಕೊಡಿ.”

ಬೆಳಿಗ್ಗೆ ಸಾಲಿನಲ್ಲಿ ನಮ್ಮವರಲ್ಲದೆ ಬಿಲ್ಲವರ ಹೆಂಗಸರೂ ಬ್ಯಾರಿ ಹೆಂಗಸರೂ ಇದ್ದರು. ಹಂಚಿನ ಮಾಡಿನ ಕೆಳಗೆ ಹೊಗೆಸೊಪ್ಪಿನ ಘಾಟಿಗೆ ಒಬ್ಬರಲ್ಲ ಒಬ್ಬರು ಸೀನುತ್ತಿದ್ದರು. ನಮ್ಮವಳ ಸರದಿ ಬಂತು, ಬೀಡಿಗಳು ಬದಿಗೆ ಬಿದ್ದವು. ನಾನು ಮುಂದೆ ಹೋಗಿ ಆ ವಾಕ್ಯ ಹೇಳಿದೆ. ಸ್ವರ ಕೀರಲಾಗಿತ್ತು. ಅವನು ಕೇಳಿದ್ದು ನಾನು ಹೆದರಿದ್ದನ್ನೇ: “ನೀವು ಯಾರಮ್ಮ?”

“ನಾನು ಇವಳ ಜೊತೆಗೆ ಬಂದವಳು” ಎಂದೆ. ಬೇರೆ ಏನೂ ತೋಚಲಿಲ್ಲ. ಪುರನನ್ನು ಯಾರಾದರೂ ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ.

ಅವನು ನಕ್ಕು, ಕೆಟ್ಟ ಬೀಡಿಗೆಂಥ ಲೆಕ್ಕ ಎಂದ. ನನ್ನ ಬಳಿ ಎರಡನೆಯ ವಾಕ್ಯ ಇರಲಿಲ್ಲ. ಗಂಟಲು ಕಟ್ಟಿತು. ಆಗ ಸಾಲಿನ ಹಿಂದಿನಿಂದ ಒಬ್ಬ ಮುದಿ ಬ್ಯಾರಿ ಹೆಂಗಸು ಬಂದರು. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಬಾಯೊಳಗೇ ಬಿಸ್ಮಿಲ್ಲಾ ಎಂದದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ವರ್ಷಗಟ್ಟಲೆ ಆ ಸಾಲಿನಲ್ಲಿ ತಲೆ ತಗ್ಗಿಸಿ ನಿಂತವರು. “ಕೆಟ್ಟದ್ದಾದರೆ ಇಲ್ಲಿಯೇ ಮುರಿದು ಹಾಕಿ, ನಾವೂ ನೋಡುತ್ತೇವೆ” ಎಂದು ತುಳುವಿನಲ್ಲಿ ಹೇಳಿದರು. ಅವನು ಮುರಿಯಲಿಲ್ಲ. ಹೇಗೆ ಮುರಿದಾನು? ಆ ಬೀಡಿಗಳಿಗೆ ಬೇರೆ ದಾರಿ ಇದೆಯೆಂಬ ಗುಮಾನಿ ಎಲ್ಲರಿಗೂ ಇತ್ತು, ಆ ಕ್ಷಣದಲ್ಲಿ ಅದು ಖಾತ್ರಿಯಾಯಿತು. ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

ಗೆದ್ದೆವೇ? ಅರ್ಧಂಬರ್ಧ. ಬದಿಗೆ ಬೀಳುವ ಬೀಡಿ ಕಡಿಮೆಯಾಯಿತು, ಲೆಕ್ಕ ಬರೆದುಕೊಡುವುದು ಸ್ವಲ್ಪ ಕಾಲ ನಡೆದು ನಿಂತುಹೋಯಿತು. ನಮ್ಮವಳಿಗೆ ಒಂದೆರಡು ವಾರ ಒರಟು ಎಲೆಯೇ ಸಿಕ್ಕಿತು, ಸೇರಿಸಿಟ್ಟ ಅಕ್ಕಿ ಆಗ ಉಪಯೋಗಕ್ಕೆ ಬಂತು. ನಾವು ಮತ್ತೆ ಹೋದೆವು. ಎರಡನೆಯ ಸಲಕ್ಕೆ ಹೆದರಿಕೆ ಕಡಿಮೆಯಾಗಿರುತ್ತದೆ ಎಂದುಕೊಂಡವರಿಗೆ ಹೇಳುತ್ತೇನೆ, ನನಗೆ ಹೆಚ್ಚಾಗಿತ್ತು. ಈಗ ಅವನಿಗೆ ನನ್ನ ಗುರುತಿತ್ತಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ನಾಲ್ಕನೆಯ ಅಧ್ಯಾಯ ನನಗೆ ಅರ್ಥವಾದದ್ದು ಆಗ. ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಗ ದಾಸಿಯೊಬ್ಬಳ ಪ್ರಶ್ನೆಗೆ ಬೆದರಿ, ಆ ಮನುಷ್ಯನನ್ನು ನಾನರಿಯೆ ಎಂದಿದ್ದ ಶಿಷ್ಯ ಪೇತ್ರ, ಕೆಲವೇ ವಾರಗಳ ನಂತರ ಬಂಧಿತನಾಗಿ ಯೆಹೂದ್ಯ ಮುಖಂಡರ ಹಿರೀಸಭೆಯ ಮುಂದೆ ನಿಂತು ಮಾತನಾಡುತ್ತಾನೆ. ಓದು ಬರಹವಿಲ್ಲದ ಸಾಧಾರಣ ಜನ ಇಷ್ಟು ಧೈರ್ಯವಾಗಿ ಹೇಗೆ ಮಾತನಾಡುತ್ತಾರೆ ಎಂದು ದೊಡ್ಡವರು ಬೆರಗಾಗುತ್ತಾರೆ. ಎಲ್ಲರೂ ಅಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಬಿಡುಗಡೆಯಾಗಿ ತಮ್ಮವರ ಬಳಿ ಬಂದ ಮೇಲೆ ಅವರೆಲ್ಲ ಸೇರಿ ಏನು ಪ್ರಾರ್ಥಿಸಿದರು ನೋಡಿ: ಈ ಬೆದರಿಕೆಗಳನ್ನು ನೋಡಿ, ಧೈರ್ಯದಿಂದ ಮಾತನಾಡುವಂತೆ ಮಾಡು ಎಂದು. ಈಗಷ್ಟೇ ಧೈರ್ಯದಿಂದ ಮಾತನಾಡಿ ಬಂದವರು ಮತ್ತೆ ಧೈರ್ಯವನ್ನೇ ಬೇಡುತ್ತಾರೆ. ನಿನ್ನೆಯದು ಇಂದಿಗೆ ಉಳಿದಿರಲಿಲ್ಲವೆಂದು ತೋರುತ್ತದೆ.

ಇದು ಕ್ರೈಸ್ತರ ಸ್ವತ್ತೇನಲ್ಲ. ನಮ್ಮ ಜಿಲ್ಲೆಯಲ್ಲಿ ಬೆಳೆದ ಯಾರಿಗೂ ಅದು ಗೊತ್ತು. ಚಿಕ್ಕವಳಿದ್ದಾಗ ನೆರೆಮನೆಯವರೊಡನೆ ಕೋಲ ನೋಡಲು ಹೋಗಿದ್ದೆ. ದೈವ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯದವರು ಆಗಿನ ಕಾಲದಲ್ಲಿ ಗುತ್ತಿನ ಮನೆಯ ಅಂಗಳದಲ್ಲಿ ಹಗಲು ಹೊತ್ತು ದೂರ ನಿಲ್ಲಬೇಕಾದವರು. ರಾತ್ರಿ ಮುಖಕ್ಕೆ ಬಣ್ಣ, ಕಾಲಿಗೆ ಗಗ್ಗರ ಬಂದ ಮೇಲೆ ಅದೇ ಯಜಮಾನರು ಅವರೆದುರು ಕೈ ಜೋಡಿಸಿ ನಿಂತು, ದೈವದ ನುಡಿಗೆ ತಲೆಬಾಗುತ್ತಾರೆ. ನನ್ನ ವಿಶ್ವಾಸ ಬೇರೆ, ಆದರೂ ಆ ನೋಟದ ಬಲ ನನಗೆ ಇಂದಿಗೂ ಇಳಿದಿಲ್ಲ. ಬೆಳಗಾದ ಮೇಲೆ ಬಣ್ಣ ತೊಳೆದವರು ಮತ್ತೆ ದೂರವೇ ನಿಲ್ಲುತ್ತಿದ್ದರು ಎಂಬುದೂ ಇಳಿದಿಲ್ಲ. ರಾತ್ರಿಯ ಧೈರ್ಯಕ್ಕೆ ಹಗಲು ದಾರಿ ಬಿಡಬೇಕಾದರೆ ಹಗಲಿನಲ್ಲೂ ಪಕ್ಕದಲ್ಲಿ ನಿಲ್ಲುವವರು ಬೇಕು.

ಹಾಗೆ ಹಗಲಿನಲ್ಲಿ ನಿಂತವರು ಕುದ್ಮುಲ್ ರಂಗರಾವ್. ಸಾರಸ್ವತ ಬ್ರಾಹ್ಮಣ ವಕೀಲರು, ಬ್ರಹ್ಮಸಮಾಜದ ವಿಶ್ವಾಸಿ. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರಿಂದ ಬಹಿಷ್ಕಾರಕ್ಕೆ ಗುರಿಯಾದರು. ಅವರ ಹೆಸರಿನ ಪುರಭವನದ ಮುಂದೆ ದಿನವೂ ಬಸ್ಸಿನಲ್ಲಿ ಹಾದು ಹೋಗುತ್ತೇವೆ. ಅವರ ಸಮಾಧಿಯ ಕಡೆಗೆ ಹೋಗುವವರು ಕಡಿಮೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಈ ಊರಿನವಳಾಗಿ ನಾನು ಪ್ರಾಮಾಣಿಕಳಲ್ಲ. ಧರ್ಮದ ಹೆಸರಿನಲ್ಲಿ ಕರಾವಳಿಯಲ್ಲಿ ಇನ್ನೊಂದು ಬಗೆಯ ಧೈರ್ಯವೂ ಸಿಗುತ್ತದೆ. ಮನೆಯಲ್ಲಿ ಅಪ್ಪನೆದುರು ಬಾಯಿ ಬಿಡದ ಹುಡುಗ ಗುಂಪು ಸೇರಿದೊಡನೆ ಬಸ್ಸು ನಿಲ್ಲಿಸಿ, ಜೊತೆಯಲ್ಲಿ ಕುಳಿತ ಹುಡುಗ ಹುಡುಗಿಯ ಹೆಸರು ಕೇಳುತ್ತಾನೆ. ಅವನೂ ತನ್ನನ್ನು ವಿಶ್ವಾಸ ಬದಲಾಯಿಸಿತು ಎಂದೇ ಹೇಳಿಯಾನು. ನಾನು ಒಪ್ಪುವುದಿಲ್ಲ. ನೂರು ಜನ ಹಿಂದೆ ನಿಂತು ಎದುರಿಗೆ ಇಬ್ಬರಿದ್ದಾಗ ಹೆದರಿಕೆ ಹೋಗುವುದಕ್ಕೆ ದೇವರ ಅಗತ್ಯವೇ ಇಲ್ಲ. ಗಿದ್ಯೋನನ ದಂಡನ್ನು ದೇವರು ಕರಗಿಸಿದ್ದೂ ಇದಕ್ಕೇ, ನಮ್ಮ ಕೈಯಿಂದಲೇ ಗೆದ್ದೆವು ಎಂದು ಜನ ಕೊಚ್ಚಿಕೊಳ್ಳಬಾರದೆಂದು. ಹೆದರಿಕೆ ಪೂರ್ತಿ ಬಿಟ್ಟುಹೋದ ಮೇಲೆ ಗಿದ್ಯೋನ ಏನಾದ ಎಂಬುದೂ ಅಲ್ಲೇ ಇದೆ: ತನಗೆ ರೊಟ್ಟಿ ಕೊಡದ ಸುಕ್ಕೋತಿನ ಹಿರಿಯರನ್ನು ಮುಳ್ಳುಗಳಿಂದ ದಂಡಿಸಿದ, ಕೊಳ್ಳೆಯ ಬಂಗಾರದಿಂದ ಏಫೋದು ಎಂಬ ಪೂಜೆಯ ವಸ್ತು ಮಾಡಿಸಿದ, ಅದು ಅವನಿಗೂ ಅವನ ಮನೆಯವರಿಗೂ ಉರುಲಾಯಿತು. ಮೊದಲು ಶತ್ರುಗಳಿಗೆ ಹೆದರಿ ದ್ರಾಕ್ಷಿಯ ಆಲೆಯ ಮರೆಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದ ಗಿದ್ಯೋನನೇ ನನಗೆ ಹೆಚ್ಚು ಇಷ್ಟ.

ಅಕ್ಕ ಈಗಿಲ್ಲ. ಆಸ್ಪತ್ರೆಗೆ ನಾನು ಹೋಗುತ್ತೇನೆ, ಫ್ಲಾಸ್ಕ್ ಹಿಡಿಯಲು ಇನ್ನೊಬ್ಬಳು ಬರುತ್ತಾಳೆ. ಹೊಸದಾಗಿ ಪಾಠ ಓದುವವರಿಗೆ ಕಾಗದವನ್ನು ಕೈಯಲ್ಲಿ ಹಿಡಿಯಬೇಡ, ಪೀಠದ ಮೇಲಿಡು, ನಡುಕ ಕಾಣುವುದಿಲ್ಲ ಎಂದು ಹೇಳಿಕೊಡುತ್ತೇನೆ. ಕಂಡಕ್ಟರನ ಬಳಿ ಚಿಲ್ಲರೆ ಕೇಳುವುದು ನನಗೆ ಇನ್ನೂ ಕಷ್ಟವೇ. ನನ್ನ ಚಿಲ್ಲರೆಯಾಗಿರದೆ ಬೇರೆಯವರದ್ದಾದರೆ ಕೇಳುತ್ತೇನೆ.

ಅಂದು ಬ್ರಾಂಚಿನಲ್ಲಿ ಬೀಡಿ ಬದಿಗೆ ಬಿದ್ದವಳಿಗೆ ಈಗ ವಯಸ್ಸಾಗಿದೆ. ಭವಿಷ್ಯನಿಧಿಯ ದಾಖಲೆಯಲ್ಲಿ ಅವಳ ಹೆಸರಿನ ಒಂದಕ್ಷರ ತಪ್ಪಿ ಪಿಂಚಣಿ ನಿಂತಿದೆ. ಬರುವ ಸೋಮವಾರ ಅವಳು ಕಚೇರಿಗೆ ಹೋಗಬೇಕು. ನಾನು ಬರುತ್ತೇನೆ ಎಂದೆ. “ನೀವು ಬೇಡ ಅಕ್ಕ, ನಾನು ಪಕ್ಕದ ಮನೆಯವಳನ್ನು ಕರೆದುಕೊಂಡು ಹೋಗುತ್ತೇನೆ. ಅವಳದ್ದೂ ಅದೇ ತೊಂದರೆ, ಅವಳಿಗೆ ಮಾತನಾಡಲು ಹೆದರಿಕೆಯಂತೆ” ಎಂದಳು.